ಫೀಬಿಯ ಪಕ್ಕದಲ್ಲಿ ಮಲಗಿದವರು

ಅಕ್ಟೋಬರ್ 12, ಶನಿವಾರ

ಬೆಳಿಗ್ಗೆಯಿಂದ ಆ ಕಲ್ಲಿನದೇ ತಲೆನೋವು. ವಸಾಹತಿನ ಕಾಲದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ ಕ್ವೇಕರ್ ಎಂಬ ಕ್ರೈಸ್ತ ಪಂಥದ ನಮ್ಮ ವಂಶದ ಹಿರಿಯಜ್ಜಿ ಫೀಬಿಯ ಸಮಾಧಿಗೆ ಎಲ್ಲರೂ ಸೇರಿ ಕಲ್ಲು ನಿಲ್ಲಿಸುತ್ತಿದ್ದೇವೆ. ಅದರ ಮೇಲೆ ತವರಿನ ಹೆಸರು 'ಪಸ್ಮೋರ್' ಎಂದು ಕೆತ್ತಿಸಬೇಕೆಂಬುದು ದೊಡ್ಡಪ್ಪನ ಮಗಳು ಲವಿನಿಯಾ ಅಕ್ಕನ ಹಟ. ಅವಳ ಪುರಾವೆ ಒಂದೇ: ಸ್ಮಶಾನದ ನಕ್ಷೆಯಲ್ಲಿ ಫೀಬಿಯ ಎಡಕ್ಕೆ ಪಸ್ಮೋರ್ ಎಂಬ ಮುದುಕ ಮಲಗಿದ್ದಾನೆ.

"ಅಪ್ಪ ಅಲ್ದೆ ಇನ್ಯಾರೇ ಪಕ್ಕದಲ್ಲಿ ಮಲಗ್ತಾರೆ?" ಎಂದಳು, ಸ್ಮಶಾನದ ಗೇಟಿನಲ್ಲೇ.

"ಬಲಕ್ಕೆ ಯಾರಿದಾರೆ, ನೋಡಿದ್ಯಾ?"

"ಅದ್ಯಾವನೋ ಹಿಮದಲ್ಲಿ ಸತ್ತ ಪಾತ್ರೆ ಮಾರೋನು."

"ಹಾಗಾದ್ರೆ ಅವ್ನು ಚಿಕ್ಕಪ್ಪನಾ?"

ನಮ್ಮ ಪಂಥದವರು ಮನೆತನ ನೋಡಿ ಹೂಳುತ್ತಿರಲಿಲ್ಲ. ಸತ್ತ ಸರದಿಯಲ್ಲೇ ಸಾಲಾಗಿ ಮಲಗಿಸುತ್ತಿದ್ದರು. ಫೀಬಿಯ ಗಂಡನೇ ಎರಡು ಸಾಲು ಆಚೆಗಿದ್ದಾನೆ. ಅಕ್ಕನಿಗೆ ಇದು ಗೊತ್ತಿಲ್ಲದ್ದಲ್ಲ, ಹೆಸರಿನ ಆಸೆಗೆ ಮರೆತಿದ್ದಳು. ನಾನು ನೆನಪಿಸಿದ ಮೇಲೆ, "ಅಂದ್ರೆ ನಾಳೆ ನಿನ್ ಪಕ್ಕ ನಾನೇ ಬರ್ಬೇಕು ಅಂತೇನಿಲ್ಲ. ಸದ್ಯ, ಬದುಕಿದೆ!" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹೊರಡುವಾಗ ಮಾತ್ರ ಮೆಲ್ಲಗೆ ಕೇಳಿದಳು: "ಕಲ್ಲಲ್ಲಿ ಹೆಸರಿಲ್ದಿದ್ರೆ ಫೀಬಿ ತವರೇ ಇಲ್ಲದೋಳು ಅನ್ಸಲ್ವೇನೇ?"

ಆ ಮಾತು ಈಗಲೂ ಚುಚ್ಚುತ್ತಿದೆ. ಆದರೆ ಯಾರದೋ ಅಪ್ಪನನ್ನು ತಂದು ಅಂಟಿಸುವುದಕ್ಕಿಂತ ಕಾಯುವುದು ಮೇಲು. ಅವಳ ತವರು ಸಿಕ್ಕೇ ಸಿಗುತ್ತದೆ, ಹುಡುಕುತ್ತಿರುವವಳು ನಾನು. ಕಲ್ಲು ಕೆತ್ತುವವನಿಗೆ ಫೋನ್ ಮಾಡಿ, ಸದ್ಯಕ್ಕೆ 'ಫೀಬಿ' ಎಂದಷ್ಟೇ ಕೆತ್ತಿ ಪಕ್ಕದಲ್ಲಿ ಜಾಗ ಬಿಡಲು ಹೇಳಿದೆ.

"ಎಷ್ಟು ಬಿಡ್ಲಿ?" ಎಂದ.

ಧಾರಾಳವಾಗಿ ಬಿಡಪ್ಪ ಎಂದೆ. ಪಸ್ಮೋರ್‌ಗಿಂತ ಉದ್ದದ ಹೆಸರಾದರೂ ಹಿಡಿಸಬೇಕು.