ಹೆಸರಿಲ್ಲದ ಮೂರು ಸೆಕೆಂಡು

ಅತ್ತಿಗೆಗೆ, ತಲೆ ಬಾಗಿಸಿ ಮೈದುನನ ನಮಸ್ಕಾರ.

ಕಾಗದ ನೋಡಿದ ಕೂಡಲೇ "ಇವನು ಸುಮ್ಮನೆ ಬರೆಯುವ ಆಸಾಮಿಯಲ್ಲ, ಏನೋ ಕೆಲಸ ಆಗಬೇಕಾಗಿದೆ" ಎಂದುಕೊಳ್ಳುತ್ತೀರಿ. ಸರಿಯಾಗಿಯೇ ಅಂದುಕೊಂಡಿದ್ದೀರಿ. ಆದರೆ ಅನುಮಾನದ ವಿಷಯದಲ್ಲಿ ನಾನು ನಿಮಗಿಂತ ಹಳೆಯ ಹುಲಿ. ಮೊದಲು ನನ್ನದನ್ನು ಕೇಳಿ.

ನೀವು ಹೆಡ್‌ಫೋನ್ ಮೇಜಿನ ಮೇಲಿಟ್ಟು ಹೋಗಿ ಇವತ್ತಿಗೆ ಹನ್ನೆರಡು ದಿನ. ಆ ಥ್ರಿಲ್ಲರ್ ಚಿತ್ರದ ಶುರುವಿನ ಟೈಟಲ್ ಕೆಲಸ ಆಗ ಮುಗಿಯುತ್ತಾ ಬಂದಿತ್ತು; ದೃಶ್ಯ ನನ್ನದು, ಸದ್ದು ನಿಮ್ಮದು. ಎರಡು ನಿಮಿಷ ಹತ್ತು ಸೆಕೆಂಡು, ನಲವತ್ತೊಂದು ತುಣುಕು, ಹದಿನಾಲ್ಕು ಹೆಸರಿನ ಕಾರ್ಡು. ಕೊಲೆ ಇಲ್ಲ, ಚಾಕು ಇಲ್ಲ, ರಕ್ತದ ಹನಿಯೂ ಇಲ್ಲ. ಒಬ್ಬ ಗಂಡಸು ಬೆಳಿಗ್ಗೆ ಕೆಲಸಕ್ಕೆ ಹೊರಡುತ್ತಾನೆ, ಅಷ್ಟೆ. ಅಂಗಿಗೆ ಗುಂಡಿ ಹೊಲಿಯುತ್ತಾನೆ, ಹಲ್ಲಿನಿಂದ ದಾರ ಕಡಿಯುತ್ತಾನೆ, ಬೂಟಿನ ಲೇಸು ಬಿಗಿಯುತ್ತಾನೆ, ಬೀಗ ಹಾಕುತ್ತಾನೆ. ನಿರ್ದೇಶಕರು ಮೊದಲ ಸಲ ನೋಡಿ, "ಇದ್ರಲ್ಲಿ ಹೆದರೋಕೆ ಏನಿದೆ ಸ್ವಾಮಿ? ಟೈಲರ್ ಅಂಗಡಿ ಜಾಹೀರಾತು ಇದ್ದ ಹಾಗಿದೆ" ಅಂದಿದ್ದರು. ನೀವು ನಕ್ಕು, "ಇವನು ತೋರಿಸಿದ್ದಾನೆ, ನಾನಿನ್ನೂ ಕೇಳಿಸಿಲ್ಲ. ತಡೀರಿ" ಅಂದಿರಿ.

ನಮ್ಮ ಕಸುಬಿನ ಗುಟ್ಟು ಅಷ್ಟೇ ತಾನೆ? ಯಾವ ವಸ್ತುವನ್ನಾದರೂ ಬೇಕಾದ್ದಕ್ಕಿಂತ ಹತ್ತಿರದಿಂದ, ಬೇಕಾದ್ದಕ್ಕಿಂತ ಅರ್ಧ ಸೆಕೆಂಡು ಹೆಚ್ಚು ತೋರಿಸಿದರೆ, ಅದು ಏನನ್ನೋ ಮುಚ್ಚಿಡುತ್ತಿದೆ ಅನ್ನಿಸುತ್ತದೆ. ಸೂಜಿ ಬಟ್ಟೆಯೊಳಗೆ ಹೋಗಬೇಕು, ಹೊರಗೆ ಬರುವ ಮೊದಲೇ ಚಿತ್ರ ಕತ್ತರಿಸಬೇಕು. ಹೊರಬರದ ಆ ಸೂಜಿಯನ್ನು ನೋಡುವವನು ತನ್ನ ಮೈಯಲ್ಲೇ ಹುಡುಕಿಕೊಳ್ಳುತ್ತಾನೆ. ಇದೆಲ್ಲ ನನ್ನ ತಲೆಯದೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಆದರೆ "ಜನ ಬಂದ ಶಬ್ದಕ್ಕೆ ಹೆದರಲ್ಲ ಕಣೋ, ನಿಂತ ಶಬ್ದಕ್ಕೆ ಹೆದರ್ತಾರೆ" ಎಂದು, ಅಡುಗೆಮನೆಯಲ್ಲಿ ಗುಂಯ್‌ಗುಡುತ್ತಿದ್ದ ಫ್ರಿಜ್ಜಿನ ಪ್ಲಗ್ ಕಿತ್ತು ನನ್ನನ್ನು ಬೆಚ್ಚಿಬೀಳಿಸಿದವರು ನೀವು. ಅಂಗಡಿ ಬೋರ್ಡು ಬರೆದುಕೊಂಡಿದ್ದವನನ್ನು ಸಿನಿಮಾಕ್ಕೆ ದಾಟಿಸಿದ್ದು ಆ ಪ್ಲಗ್ಗು.

ಅದೇ ಗುಟ್ಟನ್ನು ನಿಮ್ಮ ಮೇಲೆ ಹೂಡಿದೆ ಅತ್ತಿಗೆ. ಎದುರು ಬೀದಿಯಲ್ಲಿ ನಮ್ಮದೇ ಕಸುಬು ಮಾಡುವ ಆ ಚಸ್ಮಾದವನು ತನ್ನ ಸ್ಟುಡಿಯೋಗೆ ಒಳ್ಳೆಯ ಕಿವಿಯವರನ್ನು ಹುಡುಕುತ್ತಿದ್ದಾನೆಂಬ ಸುದ್ದಿ ಬಂದಿತ್ತು. ಆಮೇಲೆ ನನಗೆ ತುಣುಕುಗಳು ಸಿಗತೊಡಗಿದವು. ಒಂದು ಮಂಗಳವಾರ ನೀವು ಅವನ ಕಟ್ಟಡದ ಮೆಟ್ಟಿಲಿಳಿಯುತ್ತಿದ್ದಿರಿ. ಮುಂದಿನ ಮಂಗಳವಾರವೂ. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದಿರಿ. ನಾನು ಒಳಗೆ ಬಂದದ್ದೇ ತಡ, ಒಂದು ಚೀಟಿ ಕೈಚೀಲ ಸೇರಿತು. ಹೆಡ್‌ಫೋನ್ ಕತ್ತಿಗಿಳಿಸಿಕೊಂಡಿದ್ದಾಗಲೂ, ಪಕ್ಕದಲ್ಲೇ ಕೂತು ಮಾತಾಡಿಸಿದರೆ ಉತ್ತರವಿಲ್ಲ. ಪ್ರತಿಯೊಂದನ್ನೂ ಹತ್ತಿರದಿಂದ, ಅರ್ಧ ಸೆಕೆಂಡು ಹೆಚ್ಚು ನೋಡಿದೆ. ಒಂದರ ಪಕ್ಕ ಒಂದು ಜೋಡಿಸಿದೆ. ಎಂಥ ಟೈಟಲ್ ತಯಾರಾಯಿತು ಅಂತೀರಿ! ಕೊನೆಯ ಕಾರ್ಡಿನಲ್ಲಿ ನಿಮ್ಮ ಹೆಸರು, ಕೆಳಗೆ 'ದ್ರೋಹಿ'.

ಆ ದಿನ "ಮಂಗಳವಾರ ಎಲ್ಲಿಗೆ ಹೋಗಿದ್ರಿ?" ಅಂತ ಮೂರು ಸಲ ಕೇಳಿದೆ. ನೀವು ತಿರುಗಲಿಲ್ಲ. ಆಗ ಕಿರುಚಿದೆನಲ್ಲ, "ಏನು, ಕಿವುಡಾಗಿದ್ದೀರಾ?" ಅದೊಂದು ಮಾತ್ರ ನಿಮಗೆ ಕೇಳಿಸಿತು. ಚಪ್ಪಲಿ ಮೆಟ್ಟಿ ಹೋದಿರಿ. "ನೋಡಿದ್ಯಾ, ಬಾಯಿ ಬಿಡದೇ ಒಪ್ಕೊಂಡ್ರು" ಎಂದು ಗೋಡೆಗೆ ಹೇಳಿದೆ. ಅದೇ ಸಿಟ್ಟಿನಲ್ಲಿ ನಿಮ್ಮ ಕಾರ್ಡಿನ ಅಕ್ಷರಗಳನ್ನೆಲ್ಲ ಅಳಿಸಿದೆ. ಕಾರ್ಡನ್ನೇ ತೆಗೆದರೆ ತಾಳ ತಪ್ಪುತ್ತಿತ್ತು. ಹಾಗಾಗಿ ಮೂರು ಸೆಕೆಂಡಿನ ಬರೀ ಕಪ್ಪು ಉಳಿಯಿತು.

ಮೊನ್ನೆ ಮಧ್ಯಾಹ್ನ ಪ್ರಿವ್ಯೂ ಇತ್ತು. ಹತ್ತು ಹೆಸರು ಒಂದೇ ತಾಳದಲ್ಲಿ ಬಂದು ಹೋದವು. ಹನ್ನೊಂದನೆಯದು ಬರಬೇಕಾದಲ್ಲಿ ಬರಲಿಲ್ಲ. ಕಪ್ಪು, ಅದರೊಳಗೆ ನೀವು ಮಾಡಿದ ದಾರ ಎಳೆಯುವ ಸದ್ದು. ಅದೂ ಥಟ್ಟನೆ ನಿಂತಿತು. ಅರವತ್ತು ಜನ ಒಟ್ಟಿಗೆ ಎಡಕ್ಕೆ ಕತ್ತು ತಿರುಗಿಸಿದರು. ನಿರ್ದೇಶಕರು ನನ್ನ ಬೆನ್ನಿಗೆ ಗುದ್ದಿ, "ಹೆಸರು ಬರ್ಬೇಕಾದ ಜಾಗದಲ್ಲಿ ಹೆಸರಿಲ್ಲ! ಎಲ್ಲಿಂದ ಹೊಳೀತಯ್ಯ ನಿಂಗೆ?" ಅಂದರು. ದ್ವೇಷದಿಂದ ಹೊಳೆಯಿತು ಎನ್ನಲೇ? ತಲೆ ತಗ್ಗಿಸಿದೆ. ತಗ್ಗಿಸಿದ ತಲೆಗೆ ಹೊಗಳಿಕೆ ಹೆಚ್ಚು ಬೀಳುತ್ತದೆ ಎಂಬುದು ನನ್ನ ಅನುಭವ.

ಹೊರಗೆ ಪ್ರೊಜೆಕ್ಟರ್ ನಡೆಸುವವನು ತಡೆದ. "ಸಾರ್, ಸೌಂಡು ಉದ್ದಕ್ಕೂ ಎಡಗಡೇನೇ ಜಾಸ್ತಿ ಇದೆ. ಮಾಡಿದೋರಿಗೆ ಆ ಕಿವಿ ಸರಿಯಾಗಿ ಕೇಳ್ಸಲ್ವೇನೋ. ನಾನೇ ಸರಿ ಮಾಡ್ಲಾ?"

ಐದು ವರ್ಷದಿಂದ ನಾನು ಕೂರುವುದು ನಿಮ್ಮ ಎಡಗಡೆ.

ನೇರ ಅಣ್ಣನ ಹತ್ತಿರ ಹೋದೆ. ಅವನು ಪೇಪರಿನಿಂದ ತಲೆ ಎತ್ತದೆ ಹೇಳಿದ, "ಎರಡು ತಿಂಗಳಿಂದ ಕಿವಿ ಡಾಕ್ಟರ್ ಹತ್ರ ಹೋಗ್ತಿದಾಳೆ. ಚಸ್ಮಾದವನ ಮೇಲಿನ ಮಹಡೀಲಿ ಇದಾರಲ್ಲ, ಅವರೇ. ಮೈದುನನಿಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾನೆ, ಹೇಳ್ಬೇಡಿ ಅಂದಿದ್ಲು." ಅಂದರೆ ನೀವೂ ನನ್ನನ್ನು ಅನುಮಾನಿಸುತ್ತಿದ್ದಿರಿ! ಅಲ್ಲಿಗಲ್ಲಿಗೆ ಸಮ ಎನ್ನೋಣವೆಂದು ನೋಡಿದೆ, ಆಗಲಿಲ್ಲ. ನನ್ನ ಅನುಮಾನ ಸುಳ್ಳಾಯಿತು, ನಿಮ್ಮದು ನಿಜವಾಯಿತು; ಕೆಲಸದಿಂದಲ್ಲದಿದ್ದರೂ ಕಾರ್ಡಿನಿಂದ ನಿಮ್ಮನ್ನು ತೆಗೆದಿದ್ದೆನಲ್ಲ.

ನಿರ್ದೇಶಕರಿಗೆ ಎಲ್ಲ ಹೇಳಿದೆ. "ಪಾಪ ಕಣಯ್ಯ. ಆದ್ರೆ ಆ ಕಪ್ಪು ಮಾತ್ರ ಮುಟ್ಬೇಡ. ಅವ್ರ ಹೆಸರು ಸಿನಿಮಾ ಮುಗಿದ್ಮೇಲೆ ಹಾಕೋಣ, ದೊಡ್ಡದಾಗೇ ಹಾಕೋಣ" ಅಂದರು. "ಮುಗಿದ ಮೇಲೆ ಜನ ಸೀಟಿನ ಕೆಳಗೆ ಚಪ್ಪಲಿ ಹುಡುಕ್ತಿರ್ತಾರೆ, ಯಾರು ಓದ್ತಾರೆ?" ಅಂದೆ. ಒಂದು ಗಂಟೆ ಹಗ್ಗಜಗ್ಗಾಟ. ಕೊನೆಗೆ ನನ್ನ ಹೆಸರನ್ನೂ ತೆಗೆಯಿರಿ ಎಂದಾಗ "ಹಾಳಾಗ್ ಹೋಗು" ಎಂದು ಒಪ್ಪಿದರು.

ಇವತ್ತು ಮತ್ತೆ ಹಾಕಿ ನೋಡಿದೆವು. ನಿಮ್ಮ ಹೆಸರು ತನ್ನ ಜಾಗದಲ್ಲಿ ಬಂತು, ಮೂರು ಸೆಕೆಂಡು ನಿಂತಿತು. ಯಾರೂ ಬೆಚ್ಚಲಿಲ್ಲ. ಯಾರೋ ಕೆಮ್ಮಿದರು. ಸುಳ್ಳೇಕೆ, ಹೊಟ್ಟೆ ಉರಿಯಿತು. ನನ್ನ ಕೈಯಿಂದ ಅಷ್ಟು ಒಳ್ಳೆಯ ಮೂರು ಸೆಕೆಂಡು ಇನ್ನು ಹುಟ್ಟುವುದಿಲ್ಲ. ಹುಟ್ಟದಿರಲಿ. ಎಡಗಡೆಯ ಸದ್ದನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ಆ ಎಡಕ್ಕೇ ಜನ ಇವತ್ತೂ ಕತ್ತು ತಿರುಗಿಸಿದರು.

ಈಗ ಕೆಲಸದ ಮಾತು. ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ, ಅದು ನಿಮಗೆ ಗೊತ್ತು. ತಪ್ಪಾಯಿತು ಅತ್ತಿಗೆ. ಒಂದು ಕಿವಿಯಲ್ಲಿ ನೀವು ಕೇಳುವಷ್ಟು ನಾನು ಎರಡರಲ್ಲೂ ಕೇಳುವುದಿಲ್ಲ. ನನ್ನ ಕುರ್ಚಿಯನ್ನು ಬಲಗಡೆಗೆ ಎಳೆದಿಟ್ಟಿದ್ದೇನೆ. ಬನ್ನಿ. ಮನಸ್ಸಿಲ್ಲದಿದ್ದರೆ ಚಸ್ಮಾದವನ ಹತ್ತಿರ ಹೋದರೂ ನ್ಯಾಯವೇ, ನಾನು ಸೊಲ್ಲೆತ್ತುವುದಿಲ್ಲ.

ಅವನು ನಿಜವಾಗಿಯೂ ಕರೆದಿಲ್ಲ ತಾನೆ? ಸುಮ್ಮನೆ ಕೇಳಿದೆ.

ನಿಮ್ಮ ಕಿವಿ ನೂರು ಕಾಲ ಚೆನ್ನಾಗಿರಲಿ. ನನ್ನ ಮಾತು ಕೇಳಿಸಲೇಬೇಕೆಂದೇನಿಲ್ಲ.

ನಿಮ್ಮ ಅನುಮಾನದ ಮೈದುನ