ಅಕ್ಕನ ಸೈಕಲ್ಲಿನ ಬಿರುಕು

ಭೀಮನಬೀಡು
ಭಾನುವಾರ, 4 ಅಕ್ಟೋಬರ್ 2009

ಪ್ರೀತಿಯ ನಯನಕ್ಕನಿಗೆ,

ನಿನ್ನ ಸೈಕಲ್ಲಿನ ಫ್ರೇಮು ಬಿರುಕು ಬಿಟ್ಟಿರಲಿಲ್ಲ. ಆ ಬಿರುಕನ್ನು ಗೀಚಿದವನು ನಾನು.

ಮೊದಲು ಇದನ್ನೇ ಬರೆದುಬಿಟ್ಟೆ. ನಮಸ್ಕಾರ, ಊರ ಸುದ್ದಿ ಎಲ್ಲ ಮುಗಿಸಿ ಆಮೇಲೆ ಇದಕ್ಕೆ ಬರೋಣ ಎಂದುಕೊಂಡರೆ, ಸುದ್ದಿಯಲ್ಲೇ ಹಾಳೆ ತುಂಬಿಸಿ ಸಹಿ ಹಾಕಿಬಿಡುತ್ತೇನೆ. ಹಾಗೆ ತುಂಬಿಸಿದ ಎರಡು ಹಾಳೆ ಈಗಾಗಲೇ ಒಲೆಗೆ ಹೋಗಿವೆ. ಈಗ ನಮಸ್ಕಾರ. ಗೌರಿಹಬ್ಬ ಮುಗಿಸಿಕೊಂಡು ಹೋದ ಮೇಲೆ ನೀನು ಬರೆದ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸು. ಫೋನಿನಲ್ಲೇ ಹೇಳೋಣವೆಂದು ಗುರುವಾರದಿಂದ ಮೂರು ಸಲ ಮಾಡಿದೆ. ಮೂರು ಸಲವೂ ನೀನು "ಏನ್ಲಾ, ಉಂಡ್ಯಾ?" ಅಂದೆ. ನಾನು "ಹ್ಞೂಂ, ಉಂಡೆ" ಅಂದು ಇಟ್ಟುಬಿಟ್ಟೆ.

ಇಲ್ಲಿ ಅಪ್ಪ ಚೆಂಡುಹೂವಿನ ಕೊನೆಯ ಕೊಯ್ಲಿನಲ್ಲಿದ್ದಾರೆ. ಅವ್ವನ ಮಂಡಿನೋವು ಹಾಗೇ ಇದೆ. ಎಣ್ಣೆ ಹಚ್ಚಿಕೋ ಎಂದರೆ "ಹಚ್ಚಿದ್ರೆ ಮಂಡಿ ಒಳ್ಳೇದಾಯ್ತದೆ, ಆಮೇಲೆ ನಿಮ್ಮಪ್ಪ ಹೊಲಕ್ಕೆ ಕರೀತಾರೆ" ಎಂದು ನಗುತ್ತಾಳೆ. ನಾನು ಗುಂಡ್ಲುಪೇಟೆಯಲ್ಲಿ ಬೆಟ್ಟಯ್ಯಣ್ಣನ ಸೈಕಲ್ ಶಾಪಿನಲ್ಲೇ ಇದ್ದೇನೆ.

ಈಗ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಆ ಸೈಕಲ್ಲು ನಿನ್ನದು ಎಂದು ನನ್ನ ಕೈಯಲ್ಲೇ ಒಂದು ಸಲ ಬರೆಯಬೇಕು, ಅದಕ್ಕೆ. ಬೆಂಗಳೂರಿನ ಆ ಮೇಡಂ ಗೆಳೆಯರ ಜೊತೆ ಊಟಿಗೆ ಸೈಕಲ್ ತುಳಿದುಕೊಂಡು ಹೋಗುವಾಗ ಬೇಗೂರಿನ ಹತ್ತಿರ ಬಿದ್ದು ಭುಜದ ಮೂಳೆ ಮುರಿದುಕೊಂಡರು. ಬಸ್ಸಿನಲ್ಲಿದ್ದ ನೀನು ಇಳಿದು, ನಿನ್ನ ವೇಲಿನಲ್ಲಿ ಅವರ ಕೈ ಕಟ್ಟಿ, ಆಸ್ಪತ್ರೆಯಲ್ಲಿ ಸಂಜೆಯವರೆಗೆ ಕೂತಿದ್ದೆ. ಮೂರು ತಿಂಗಳ ಮೇಲೆ ಅವರು ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ನಮ್ಮ ಮನೆಗೇ ಬಂದರು. "ಡಾಕ್ಟರು ನನಗೆ ಇನ್ನು ತುಳಿಯಬಾರದು ಅಂದಿದ್ದಾರೆ. ಇದು ನಿನ್ನದು" ಎಂದು ನಿನ್ನ ಕೈಗೇ ಕೊಟ್ಟರು. ನನ್ನ ಕೈಗಲ್ಲ. ನಾನು ಆಗ ಬಾಗಿಲ ಹಿಂದೆ ನಿಂತಿದ್ದೆ.

ಅಪ್ಪ ಅದನ್ನು ಎರಡು ಸುತ್ತು ಸುತ್ತಿ ನೋಡಿದ್ದು ನೆನಪಿದೆಯಾ? "ಹುಲ್ಲು ಹೇರಕ್ಕೆ ಕ್ಯಾರಿಯರ್ ಇಲ್ಲ, ನಿಲ್ಸಕ್ಕೆ ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲಿಲ್ಲ. ಇದು ಸೈಕಲ್ಲೋ, ಸೈಕಲ್ಲಿನ ಮೂಳೆಗೂಡೋ?" ಅಂದರು. ನೀನು ಅದನ್ನು ಒಂದೇ ಕೈಯಲ್ಲಿ ಎತ್ತಿ ಜಗಲಿಯ ಮೇಲಿಟ್ಟೆ. ಆಮೇಲೆ ಎರಡು ವರ್ಷ ನೀನು ಅದರಲ್ಲೇ ಗುಂಡ್ಲುಪೇಟೆಗೆ ಕಾಲೇಜಿಗೆ ಹೋದೆ. "ಗಂಡುಸೈಕಲ್ ನಯನಾ" ಎಂದು ಹುಡುಗರು ಕೂಗಿದರೆ, "ತಾಕತ್ತಿದ್ರೆ ಹಿಡೀರ್ಲಾ" ಅಂದು ಮುಂದೆ ಹೋಗುತ್ತಿದ್ದೆಯಂತೆ. ಒಬ್ಬನೂ ಹಿಡಿಯಲಿಲ್ಲ.

ನಿನ್ನ ಮದುವೆ ಗೊತ್ತಾದಾಗ ನನಗೆ ಹದಿನಾಲ್ಕು. ಆಗಷ್ಟೇ ಒಂಬತ್ತನೇ ಕ್ಲಾಸು ಬಿಟ್ಟಿದ್ದೆ. ಮೇಷ್ಟರು ಮನೆಗೆ ಬಂದು ಯಾಕೋ ಬರುತ್ತಿಲ್ಲ ಎಂದಾಗ, ಹೊಟ್ಟೆನೋವು ಎನ್ನದೆ "ಕುಂತ್ಕಳಕ್ಕಾಗಕಿಲ್ಲ ಸಾ" ಎಂದೆ. ಅದು ನಿಜ. ಬೆಂಚಿನ ಮೇಲೆ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ನೀನು ಕಾಲೇಜಿನಿಂದ ಬಂದ ಮೇಲೆ ಸಂಜೆ ಒಂದು ಗಂಟೆ ಸೈಕಲ್ ಕೊಡುತ್ತಿದ್ದೆಯಲ್ಲ, ಆ ಒಂದು ಗಂಟೆ ಮಾತ್ರ ನನ್ನ ಮೈ ನನ್ನ ಮಾತು ಕೇಳುತ್ತಿತ್ತು. ಆಗ ನೀನು ಬಂದು ಹೇಳಿದೆ: "ಸೈಕಲ್ ನಾನು ಸಂತೆಮರಳ್ಳಿಗೆ ತಗಂಡೋಯ್ತೀನಿ ಕಣ್ಲಾ. ನಿಮ್ ಬಾವ ಒಪ್ಪವ್ರೆ."

ಮದುವೆಗೆ ಹತ್ತು ದಿನ ಇತ್ತು. ನೀನು ಸೀರೆ ತರಲು ಮೈಸೂರಿಗೆ ಹೋಗಿದ್ದ ದಿನ, ನನ್ನ ಜಾಮಿಟ್ರಿ ಬಾಕ್ಸಿನ ಕೈವಾರ ತೆಗೆದೆ. ಶಾಲೆ ಬಿಟ್ಟ ಮೇಲೆ ಅದನ್ನು ಬಳಸಿದ್ದು ಅದೊಂದೇ ಸಲ. ಸೈಕಲ್ಲನ್ನು ಬೋರಲು ಹಾಕಿ, ಪೆಡಲ್ ಇರುವ ಕಡೆಗೆ ಇಳಿದು ಬರುವ ದಪ್ಪ ಕೊಳವೆಯ ಅಡಿಯಲ್ಲಿ, ಎರಡು ಅಂಗುಲ, ಕೂದಲಿನ ಹಾಗೆ ಸ್ವಲ್ಪ ಡೊಂಕಾಗಿ ಗೀಚಿದೆ. ಮೇಲೆ ದೀಪದ ಮಸಿಗೆ ಎಣ್ಣೆ ಬೆರೆಸಿ ತಿಕ್ಕಿದೆ. ನೀನು ಬಂದ ಮೇಲೆ "ಅಕ್ಕ, ಇಲ್ಲಿ ನೋಡು" ಎಂದು ನಾನೇ ತೋರಿಸಿದೆ.

ನೀನು ನಂಬಿದ್ದರೂ ಸುಮ್ಮನಿರಲಿಲ್ಲ. ಮಾರನೆಯ ದಿನವೇ ವೆಲ್ಡಿಂಗ್ ನಂಜಯ್ಯನ ಹತ್ತಿರ ತಳ್ಳಿಕೊಂಡು ಹೋದೆ. ನಾನೂ ಬಂದೆ. ಅವನು ಕನ್ನಡಕ ಹಾಕಿಕೊಂಡು ಆ ಗೀಟಿನ ಮೇಲೆ ಬೆರಳಾಡಿಸುವಾಗ ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ನಂಜಯ್ಯ ಅಂಥ ಸೈಕಲ್ಲನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇದು ಕಬ್ಬಿಣ ಅಲ್ಲ ಕಣವ್ವ, ಅಲ್ಯುಮಿನಿಯಂ. ನಾನು ಕಡ್ಡಿ ತಾಗ್ಸಿದ್ರೆ ಬೆಣ್ಣೆ ಕರಗ್ದಂಗೆ ಕರಗೋಯ್ತದೆ."

"ಇಂಗೇ ಓಡ್ಸುದ್ರೆ?"

"ಓಡ್ತದೆ. ಒಂದಿನ ಎರಡು ತುಂಡಾಯ್ತದೆ. ಯಾವತ್ತು ಅಂದ್ರೆ ನಾನೇನು ಜೋಯಿಸನಾ?"

ನೀನು ಸೈಕಲ್ಲನ್ನು ವಾಪಸ್ ತಳ್ಳಿಕೊಂಡು ಹೊರಟೆ. ಊರ ಹತ್ತಿರ ಬಂದಾಗ, "ಮುರ್ದೋಗೋ ಸಾಮಾನು ತಗಂಡು ಓಗಿ ಅತ್ತೆಮನೆ ಹೊಸ್ಲು ತುಳೀಬಾರ್ದು ಬುಡು" ಅಂದೆ. ಆಮೇಲೆ "ನೀನೂ ಹತ್ಬೇಡ ಕಣ್ಲಾ. ಆಣೆ ಮಾಡು" ಅಂದೆ. ಮಾಡಿದೆ. ನೀನು ಹೋದ ನಾಲ್ಕನೇ ದಿನಕ್ಕೆ ಹತ್ತಿದೆ.

ಅಕ್ಕ, ಇಷ್ಟು ಬರೆದ ಮೇಲೆ ಇನ್ನೊಂದು ಮಾತು ಬರೆಯುತ್ತೇನೆ, ಬೈಯಬೇಡ. ಕದ್ದದ್ದು ಹೌದು, ಆದರೆ ಕೆಡಿಸಲಿಲ್ಲ. ಏಳು ವರ್ಷ ಈ ಸೈಕಲ್ಲನ್ನು ಹೇಗೆ ಇಟ್ಟುಕೊಂಡೆ ಎಂದು ಹೇಳುವಾಗ ನನಗೆ ನಾಚಿಕೆ ಬರುವುದಿಲ್ಲ.

ಇದರ ಟ್ಯೂಬಿನ ಮೂತಿ ಬೆಂಕಿಕಡ್ಡಿಯಷ್ಟು ಸಣ್ಣ. ಮೇಡಂ ಕೊಟ್ಟಿದ್ದ ಸಣ್ಣ ಪಂಪು ಕೆಟ್ಟ ಮೇಲೆ ಗುಂಡ್ಲುಪೇಟೆಯ ಯಾವ ಪಂಪೂ ಕೂರುತ್ತಿರಲಿಲ್ಲ. ಬೆಟ್ಟಯ್ಯಣ್ಣ ಮೋಟಾರ್ ಬೈಕಿನ ವಾಲ್ವಿನ ಮುಚ್ಚಳಕ್ಕೆ ತೂತು ಕೊರೆದು ತಿರುಗುಮುರುಗಾಗಿ ಕೂರಿಸಿಕೊಟ್ಟ. ಈಗ ಯಾವ ಪಂಚರ್ ಅಂಗಡಿಯಲ್ಲಾದರೂ ಗಾಳಿ ಹಿಡಿಯುತ್ತದೆ. ಆ ಕೆಲಸ ನೋಡಿದ ದಿನವೇ ನಾನು ಅವನ ಶಾಪಿಗೆ ಸೇರಿದ್ದು. ಚೈನು ಐದನೆಯದು. ಟೈರು ನಾಲ್ಕನೇ ಜೊತೆ. ಹಿಂದಿನ ಗಾಲಿಯನ್ನು ಎರಡು ಸಲ ಪೂರ್ತಿ ಬಿಚ್ಚಿ ಸ್ಪೋಕ್ಸು ಕಟ್ಟಿದ್ದೇನೆ. ಎರಡನೇ ಸಲ ಬೆಟ್ಟಯ್ಯಣ್ಣ ಗಾಲಿ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, ನನಗೆ ಟೀ ತರಿಸಿದ. ಸಾಮಾನು ಬೆಂಗಳೂರಿನಿಂದ ತರಕಾರಿ ಲಾರಿಯವರ ಕೈಲಿ ಬರುತ್ತದೆ. ಮುಂದಿನ ಸ್ಪ್ರಿಂಗ್ ಫೋರ್ಕನ್ನು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ. ಮೊದಲ ಸಲ ಬಿಚ್ಚಿದಾಗ ಒಂದು ವಾಷರ್ ಉಳಿದುಹೋಗಿ ಮೂರು ದಿನ ನಿದ್ದೆ ಬರಲಿಲ್ಲ.

ಪ್ರತಿ ಆಯುಧಪೂಜೆಗೆ ಸೈಕಲ್ ತೊಳೆದು, ಪೂಜೆಗೆ ಮುಂಚೆ, ಹೂವಿನ ಮೂಟೆ ತೂಗುವ ತಕ್ಕಡಿಗೆ ನೇತುಹಾಕಿ ತೂಕ ನೋಡುತ್ತೇನೆ. ಮೊದಲ ವರ್ಷ ಹನ್ನೊಂದು ಕೆಜಿ ಇನ್ನೂರು ಗ್ರಾಂ. ಕಳೆದ ಭಾನುವಾರ ಹನ್ನೊಂದು ಒಂಬೈನೂರು. ಏಳುನೂರು ಗ್ರಾಂ ಏರಿದೆ, ಅದೂ ಹೊಸ ಸೀಟು, ಗಟ್ಟಿ ಟೈರಿನಿಂದ. ತೂಗುವ ಮಂಟೇಸ್ವಾಮಿ ಪ್ರತಿವರ್ಷ ಅದೇ ಕೇಳುತ್ತಾನೆ: "ಏನ್ಲಾ ಸಾಗರ, ಕೂಸು ಮೈ ಕೈ ತುಂಬ್ಕತಾ ಅದಾ?"

ಗೋಪಾಲಸ್ವಾಮಿ ಬೆಟ್ಟವನ್ನು ಇದರಲ್ಲಿ ನಾನು ಇಪ್ಪತ್ತಾರು ಸಲ ಹತ್ತಿದ್ದೇನೆ. ಕಾಲು ನೆಲಕ್ಕೆ ತಾಗಿಸದೆ ಹತ್ತಿದ್ದು ಹನ್ನೊಂದು ಸಲ. ಬೇರೆಯವರು ಎಲ್ಲ ಸಲವೂ ಹಾಗೇ ಹತ್ತಿದೆ ಅನ್ನುತ್ತಾರೆ. ನಾನು ಎಣಿಸಿದ್ದು ಹನ್ನೊಂದು.

ಮೂರು ವರ್ಷದ ಹಿಂದೆ ಚಾಮರಾಜನಗರದಲ್ಲಿ ಒಂದು ಯುವಕರ ಸಂಘದವರು ಸೈಕಲ್ ಓಟ ಇಟ್ಟಿದ್ದರು. ನಾನು ಮೊದಲು ಬಂದೆ, ಅರ್ಧ ಫರ್ಲಾಂಗ್ ಮುಂದೆ. ಕಪ್ಪು ಹಿಡಿದುಕೊಂಡು ನಿಂತಿದ್ದಾಗ ಎರಡನೆಯವನು ಬಂದು "ಲೋ, ಗೆದ್ದಿರದು ಸೈಕಲ್ಲು ಕಣ್ಲಾ, ನೀನಲ್ಲ" ಅಂದ. ಯೋಚಿಸಿದರೆ ಅವನು ಹೇಳಿದ್ದು ಸರಿ ಅನ್ನಿಸಿತು. ಅವನ ಕಬ್ಬಿಣದ ಸೈಕಲ್ಲು ತೆಗೆದುಕೊಂಡು, ನನ್ನದನ್ನು ಅವನಿಗೆ ಕೊಟ್ಟು, ಇನ್ನೊಂದು ಸಲ ಓಡಿಸೋಣ ಎಂದೆ. ಹುಡುಗರಿಗೆ ಖುಷಿಯಾಗಿ ಎಲ್ಲರೂ ಮತ್ತೆ ಹೊರಟರು. ನಾನು ಮೂರನೆಯವನಾಗಿ ಬಂದೆ. ಕಪ್ಪು ವಾಪಸ್ ಕೊಟ್ಟು ಬಂದೆ.

ಅಪ್ಪ "ಗೆದ್ದ ಕಪ್ಪ ಕೊಟ್‌ಬುಟ್ಟು ಬಂದವ್ನೆ ದಡ್ಡ ನನ್ಮಗ" ಎಂದು ಬೀದಿಗೆಲ್ಲ ಹೇಳಿದರು, ಆದರೆ ಬೈಗುಳದ ಹಾಗೆ ಹೇಳಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ, "ನನ್ ಮಗಂಗೆ ಸುಳ್ಳು ಅನ್ನದು ಬಾಯಿಗೇ ಬರಕಿಲ್ಲ ಕಣಿ" ಎಂದಳು. ನಾನು ತಟ್ಟೆ ಬಿಟ್ಟು ಎದ್ದು ಹೊರಗೆ ಹೋದೆ. ಸುಳ್ಳು ನಾನು ಬಾಯಲ್ಲಿ ಹೇಳಿರಲಿಲ್ಲ, ಕೈವಾರದಲ್ಲಿ ಹೇಳಿದ್ದೆ.

ಕಳೆದ ವಾರ ಊಟಿಗೆ ಹೋಗುವ ಬೆಂಗಳೂರಿನ ಸೈಕಲ್ ತಂಡವೊಂದು ನಮ್ಮ ಶಾಪಿನ ಮುಂದೆ ನಿಂತಿತ್ತು. ಅದರಲ್ಲೊಬ್ಬರು ಗೋಡೆಗೆ ಒರಗಿದ್ದ ನಿನ್ನ ಸೈಕಲ್ ನೋಡಿ ಕೂತುಬಿಟ್ಟರು. ಬೋರಲು ಹಾಕಿ ಆ ಗೀಟನ್ನೂ ನೋಡಿದರು. ಅವರು ಉಗುರಿನಲ್ಲಿ ಒಂದು ಸಲ ಕೆರೆದು, "ಇದು ಬರೀ ಗೀರು. ಇನ್ನೂ ಹತ್ತು ವರ್ಷ ಓಡುತ್ತೆ. ಯಾರು ನೋಡಿಕೊಳ್ತಿರೋದು ಇದನ್ನ?" ಎಂದರು. ಬೆಟ್ಟಯ್ಯಣ್ಣ ನನ್ನ ಕಡೆ ಕೈ ತೋರಿಸಿದ. ನಂಜಯ್ಯನಿಗೆ ಗೊತ್ತಾಗದ್ದು ಅವರಿಗೆ ಒಂದು ಗಳಿಗೆಯಲ್ಲಿ ಗೊತ್ತಾಯಿತು. ತಮ್ಮ ಹೊಸ ಸೈಕಲ್ಲಿಗೆ ಬದಲಾಯಿಸಿಕೊಳ್ಳುತ್ತೀಯಾ ಎಂದು ತಮಾಷೆಗೆ ಕೇಳಿದರು. "ಇದು ನನ್ನದಲ್ಲ ಸಾ, ನಮ್ಮಕ್ಕನದು" ಎಂದೆ. ಏಳು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು.

ಅದಕ್ಕೇ ಸೈಕಲ್ಲನ್ನು ನಿನಗೆ ತಂದು ಕೊಡುತ್ತಿದ್ದೇನೆ. ನೀನು ಅಂಗನವಾಡಿಗೆ ದಿನಾ ನಡೆದುಕೊಂಡು ಹೋಗುತ್ತೀಯಲ್ಲ, ಇನ್ನು ನಡೆಯುವುದು ಬೇಡ. ಕೆಲವು ಮಾತು ನೆನಪಿಟ್ಟುಕೋ. ಏರಿನಲ್ಲಿ ಜೋರಾಗಿ ತುಳಿಯುತ್ತಾ ಗೇರು ಬದಲಿಸಬೇಡ. ಏರು ಬರುವ ಮುಂಚೆಯೇ ಬದಲಿಸು. ಹಿಂದಿನ ಮೂರನೇ ಗೇರು ಒಂದೊಂದು ಸಲ ಹಾರುತ್ತದೆ, ಹೆದರಬೇಡ, ಇನ್ನೊಂದು ಸಲ ಒತ್ತು. ಮುಂದಿನ ಬ್ರೇಕನ್ನು ಒಂದೇ ಹಿಡಿಗೆ ಹಿಡಿದರೆ ತಲೆಕೆಳಗಾಗುತ್ತೀಯ. ಸೀಟು ಇಳಿಸಲು ಸ್ಪ್ಯಾನರ್ ಬೇಡ, ಸಣ್ಣ ಲಿವರ್ ಇದೆ. ಚೈನಿಗೆ ಕೊಬ್ಬರಿ ಎಣ್ಣೆ ಬಿಡಬೇಡ. ಬಾವ ಕ್ಯಾರಿಯರ್ ಹಾಕಿಸೋಣ ಎಂದರೆ ಒಪ್ಪಲೇಬೇಡ. ಅವರ ಮೇಲೆ ನನಗೆ ಗೌರವ ಇದೆ, ಆದರೆ ಒಪ್ಪಬೇಡ.

ಚೈತ್ರ ಪುಟ್ಟಿಗೆ ಅವ್ವ ಹುರಿದ ಕಡಲೆಕಾಯಿ ಕಟ್ಟಿದ್ದಾಳೆ. ಅವಳು ತುಳಿಯುವಷ್ಟು ಎತ್ತರವಾಗುವ ಹೊತ್ತಿಗೂ ಈ ಸೈಕಲ್ ಇರುತ್ತದೆ. ಅದು ನನ್ನ ಮಾತು. ನಿನ್ನ ಆಶೀರ್ವಾದ ಕೇಳುವ ಮುಖ ಇವತ್ತು ನನಗಿಲ್ಲ. ನಿನ್ನ ಮನೆಯವರೆಲ್ಲ ನೂರು ಕಾಲ ತಣ್ಣಗಿರಲಿ.

ನಿನ್ನ ತಮ್ಮ,
ಸಾಗರ್

ಮ.ವಿ.: ಈಗಲೇ ಯಾಕೆ ಹೇಳಿದೆ ಎಂಬುದು ಬಾಕಿ ಇದೆ. ಸೈಕಲ್ ತಂಡದವರು ಬಂದದ್ದರಿಂದಲ್ಲ. ಅವರು ಹೋದ ಮೇಲೂ ನಾನು ಸುಮ್ಮನೆ ಇದ್ದುಬಿಡುತ್ತಿದ್ದೆ.

ಗುರುವಾರ ಗಿರೀಶ್ ಬಾವ ಅರಿಶಿನದ ಬೀಜ ನೋಡಲು ಗುಂಡ್ಲುಪೇಟೆಗೆ ಬಂದವರು ಶಾಪಿಗೆ ಬಂದಿದ್ದರು. ಟೀ ಕುಡಿಯುತ್ತಾ ನಗುನಗುತ್ತಾ ಹೇಳಿದರು: "ನಿಮ್ಮಕ್ಕ ಮದ್ವೆಯಾದಾಗಿಂದ ಸೋಮವಾರ ಒಪ್ಪತ್ತು ಬುಡಕಿಲ್ಲ ಕಣಯ್ಯ. ಚೈತ್ರ ಒಟ್ಟೇಲಿದ್ದಾಗ್ಲೂ ಬುಡ್ನಿಲ್ಲ. ನಾನು ನನ್ನ ಆಯಸ್ಸಿಗೇ ಇರ್ಬೇಕು ಅಂತ ಎಮ್ಮೆಪಡ್ತಿದ್ದೆ. ಮೊನ್ನೆ ಕೇಳುದ್ರೆ, 'ನನ್ ತಮ್ಮ ಸೀಳೋಗಿರೋ ಸೈಕಲ್ ತುಳೀತಾನೆ, ಅದು ಮುರೀದಿರ್ಲಿ ಅಂತ ಶಿವಂಗೆ ಏಳ್ಕಂಡಿವ್ನಿ' ಅಂತಾಳಲ್ಲಯ್ಯ!"

ಬೆಟ್ಟಯ್ಯಣ್ಣನೂ ನಕ್ಕ. ನನಗೆ ನಗಲು ಆಗಲಿಲ್ಲ. ನಾನು ಆಣೆ ಉಳಿಸಿಕೊಳ್ಳುವುದಿಲ್ಲ ಎಂದು ನಿನಗೆ ಮದುವೆಯ ದಿನವೇ ಗೊತ್ತಿತ್ತು. ನೀನು ಇಲ್ಲಿಗೆ ಬಂದಾಗಲೆಲ್ಲ ಸೈಕಲ್ ಬೋರಲು ಹಾಕಿ ಆ ಗೀಟಿನ ಮೇಲೆ ಹೆಬ್ಬೆರಳು ಇಟ್ಟು "ಎಚ್ಚಾಗಿಲ್ಲ ತಾನೆ?" ಎಂದು ಕೇಳುತ್ತಿದ್ದೆ. ನಾನು "ಇಲ್ಲ" ಎನ್ನುತ್ತಿದ್ದೆ. ನೀನು ಹಸಿದುಕೊಂಡು ಕಾಯುತ್ತಿದ್ದದ್ದು ನನ್ನ ಕೈವಾರದ ಗೀಟನ್ನು ಎಂದು ನನಗೆ ಗೊತ್ತಿರಲಿಲ್ಲ ಅಕ್ಕ. ಗೊತ್ತಿದ್ದರೆ ಹೇಳುತ್ತಿದ್ದೆನಾ ಎಂದು ಮೂರು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಹೌದು ಎಂದು ಬರೆಯಲು ಕೈ ಬರುತ್ತಿಲ್ಲ.

ಈ ಕಾಗದವನ್ನು ಮಂಟೇಸ್ವಾಮಿ ಬೆಳಗಿನ ಮೊದಲ ಬಸ್ಸಿಗೆ ತರುತ್ತಾನೆ. ನಾನು ಸೈಕಲ್ಲಿನಲ್ಲಿ ಬರುವುದರಿಂದ ಅವನಿಗಿಂತ ಎರಡು ಗಂಟೆ ತಡ. ಓದಿ ಯೋಚಿಸಲು ನಿನಗೆ ಅಷ್ಟು ಹೊತ್ತಿರುತ್ತದೆ. ನನ್ನ ಮುಖ ನೋಡುವುದು ಬೇಡ ಎನ್ನಿಸಿದರೆ ಬಾಗಿಲು ಹಾಕಿಕೋ. ಸೈಕಲ್ಲನ್ನು ಗೋಡೆಗೆ ಒರಗಿಸಿ ಬಸ್ಸಿಗೆ ವಾಪಸ್ ಹೋಗುತ್ತೇನೆ. ಆದರೆ ನಾಳೆ ಸೋಮವಾರ. ನೀನು ಊಟ ಮಾಡು.

ನಾಳೆ ಬೆಳಿಗ್ಗೆ ಆರು ಗಂಟೆಗೆ ಹೊರಡುತ್ತೇನೆ.