ಎಡಮಗ್ಗುಲ ಬಣ್ಣ

ಹಾರನಹಳ್ಳಿ
14 ಜೂನ್ 2025, ಶನಿವಾರ

ಸೌಭಾಗ್ಯವತಿ ರುದ್ರಮ್ಮನಿಗೆ,

ಮೊದಲು ಆಶೀರ್ವಾದ, ಆಮೇಲೆ ಕ್ಷಮೆ. ಸೌಂದರ್ಯನ ಬಾಣಂತನಕ್ಕೆ ಅಂತ ನೀನು ಹಳೇಬೀಡಿಗೆ ಹೋಗಿ ಏಳು ವಾರವಾಯಿತು. ಮಗು ಹುಟ್ಟಿ ಐದು ವಾರ. ತಾತ ಅನ್ನಿಸಿಕೊಂಡವನು ಇನ್ನೂ ಮುಖ ತೋರಿಸಿಲ್ಲ. ಗಾಡಿಯ ಬಣ್ಣದ ಕೆಲಸಕ್ಕೆ ಹಗರೆಯಲ್ಲಿ ಒಂಬತ್ತು ದಿನ ಇದ್ದು, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಬರಲಿಲ್ಲ ಅಂತ ಅಳಿಯಂದಿರು ಉಮೇಶ್ ಬೇಜಾರು ಮಾಡಿಕೊಂಡಿದ್ದಾರೆ ಎಂದು ನೀನು ಹೇಳಿದೆ. ಅವರ ಬೇಜಾರು ನ್ಯಾಯವಾದದ್ದೇ. ಮೈತುಂಬ ಪುಟ್ಟಿಯ ಧೂಳು, ಥಿನ್ನರ್ ವಾಸನೆ, ಆ ಕೈಯಲ್ಲಿ ಹಸುಗೂಸು ಹೇಗೆ ಎತ್ತಿಕೊಳ್ಳಲಿ ಅಂತ ಹೇಳಿ ಜಾರಿಕೊಂಡೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಾರದೇ ಅನ್ನುತ್ತೀಯ. ನೀನು ಸ್ಪೀಕರ್ ಹಾಕಿ ಫೋನನ್ನು ತೊಟ್ಟಿಲ ಪಕ್ಕ ಇಡುತ್ತೀಯ, ನಾನು ಇಲ್ಲಿ ಕೆಮ್ಮಿದರೆ ಅಲ್ಲಿ ಬೀಗಿತಿ ಶುಂಠಿ ಕಷಾಯ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ಬೇಲೂರಿನಲ್ಲಿ ಟೆಂಪೋ ಓಡಿಸುವಾಗ ನಿನಗೆ ಬರೆಯುತ್ತಿದ್ದೆನಲ್ಲ, ಅದಾದ ಮೇಲೆ ಇದೇ ಮೊದಲ ಕಾಗದ. ಯಾರ ಕೈಲೂ ಓದಿಸಬೇಡ, ನೀನೇ ಓದಿಕೋ.

ಗಾಡಿಗೆ ಬಣ್ಣ ಹೊಡೆಸಬೇಕು ಅಂತ ಅರಸೀಕೆರೆಯ ಶಾಲೆಯವರು ಏಪ್ರಿಲ್‌ನಲ್ಲೇ ಹೇಳಿದ್ದು ನಿನಗೆ ಗೊತ್ತು. ಮಕ್ಕಳನ್ನು ತರುವ ವ್ಯಾನೆಲ್ಲ ಹಳದಿ ಇರಬೇಕು, ಬಿಳಿ ಗಾಡಿಯನ್ನು ಇನ್ನು ಗೇಟಿನೊಳಗೆ ಬಿಡುವುದಿಲ್ಲ ಅಂದರು. ಎಫ್‌ಸಿಯೂ ಮೇ ಕೊನೆಗೆ ಮುಗಿಯುತ್ತಿತ್ತು. ಹದಿಮೂರು ವರ್ಷದ ಗಾಡಿ, ಬಾಗಿಲ ಕೆಳಗೆಲ್ಲ ತುಕ್ಕು, ಹಾಗೇ ತೆಗೆದುಕೊಂಡು ಹೋದರೆ ಆರ್‌ಟಿಒದವರು ಓಡಿಸಲು ಯೋಗ್ಯ ಅಂತ ಬರೆದುಕೊಡುತ್ತಾರೆಯೇ? ಬಣ್ಣ ಆಗದಿದ್ದರೆ ನಮ್ಮ ಹದಿನಾಲ್ಕು ಮಕ್ಕಳೂ ಬೇರೆ ವ್ಯಾನಿಗೆ ಹೋಗುತ್ತವೆ. ಜಮೀನಿನ ಪಾಲು ತಮ್ಮನಿಗೆ ಬಿಟ್ಟುಕೊಟ್ಟು ಈ ಗಾಡಿ ತಗೊಂಡವರು ನಾವು. ಅದು ನಿಂತರೆ ನಮಗೆ ಇನ್ನೇನಿದೆ ಹೇಳು.

ಅರಸೀಕೆರೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಯವನೊಬ್ಬ ಗಾಡಿಯ ಸುತ್ತ ಒಂದು ಸಲ ಬಂದು ನಲವತ್ತೈದು ಸಾವಿರ ಅಂದ. ಬಣ್ಣಕ್ಕೋ ಇನ್ನೊಂದು ಗಾಡಿಗೋ ಅಂತ ಕೇಳಿದೆ, ಅವನಿಗೆ ನಗು ಬರಲಿಲ್ಲ. ಬೇಲೂರಿನವರು ಅದಕ್ಕಿಂತ ಕಡಿಮೆ ಹೇಳಿದರು, ಆದರೆ ಜುಲೈಗೆ ಬನ್ನಿ ಅಂದರು. ಶಾಲೆ ಶುರುವಾಗುವುದು ಜೂನ್ ಎರಡಕ್ಕೆ. ಆ ವಾರ ನನಗೆ ಊಟ ಸೇರಲಿಲ್ಲ. ನೀನಿಲ್ಲದ ಮನೆಯಲ್ಲಿ ಹೇಗೂ ಊಟ ಅಷ್ಟಕ್ಕಷ್ಟೇ, ಅದು ಬೇರೆ ಮಾತು.

ಕೊನೆಗೆ ಹಗರೆಯ ಮರಿಯಣ್ಣ ಸಿಕ್ಕ. ಟ್ರ್ಯಾಕ್ಟರಿಗೆ, ಟ್ರೈಲರಿಗೆ ಬಣ್ಣ ಹೊಡೆಯುವವನು. ಶೆಡ್ಡು ಅಂದರೆ ನಾಲ್ಕು ಕಂಬ, ಮೇಲೆ ತಗಡು, ಧೂಳು ಬರದಂತೆ ಸುತ್ತ ಹಳೆ ಸೀರೆಗಳು. ತುಕ್ಕು ಕೆರೆಯುವುದು, ಉಜ್ಜುವುದು ನೀವೇ ಮಾಡಿಕೊಳ್ಳಿ, ಬಣ್ಣದ ಡಬ್ಬಿ ನೀವೇ ತನ್ನಿ, ಹೊಡೆಯುವ ಕೂಲಿ ಮಾತ್ರ ನನಗೆ ಕೊಡಿ ಅಂದ. ಹನ್ನೆರಡು ಸಾವಿರದೊಳಗೆ ಎಲ್ಲ ಮುಗಿಯುತ್ತದೆ ಅಂದಾಗ ನನಗೆ ಹೋದ ಉಸಿರು ಬಂತು.

ಒಂಬತ್ತು ದಿನ ಉಜ್ಜಿದೆ ಕಣೇ. ಉಪ್ಪುಕಾಗದಕ್ಕೆ ನೀರು ಹಾಕಿಕೊಂಡು ತಗಡು ಬೆಚ್ಚಗಾಗುವವರೆಗೆ ಉಜ್ಜುವುದು, ತಗ್ಗು ಮುಚ್ಚಲು ಅವನು ಪುಟ್ಟಿ ಮೆತ್ತಿದ ಮೇಲೆ ಮತ್ತೆ ಉಜ್ಜುವುದು. ಬೆರಳ ಗುರುತೆಲ್ಲ ಸವೆದು ಫೋನು ನನ್ನ ಹೆಬ್ಬೆಟ್ಟನ್ನೇ ಒಪ್ಪಲಿಲ್ಲ. ರಾತ್ರಿ ಗಾಡಿಯ ಸೀಟಿನ ಮೇಲೇ ಮಲಗುತ್ತಿದ್ದೆ. ಮರಿಯಣ್ಣನ ಹೆಂಡತಿ ಎರಡು ಹೊತ್ತೂ ಮುದ್ದೆ, ಸಾರು ಕೊಟ್ಟರು, ಕಾಸು ಮುಟ್ಟಲಿಲ್ಲ.

ಅಂಥ ಮನೆಯವನ ಮೇಲೆ ಕೂಗಾಡಬೇಕಾಯಿತು. ಬಲಮಗ್ಗುಲು ಚೆನ್ನಾಗಿ ಬಂತು. ಮೊದಲ ಡಬ್ಬಿ ಮುಗಿದು ಎರಡನೆಯದು ತೆರೆದವನು ಎಡಮಗ್ಗುಲನ್ನು ಪೂರಾ ಬೇರೆ ಬಣ್ಣ ಮಾಡಿಟ್ಟ. ಎದುರಿನ ಟೀ ಅಂಗಡಿಯ ಉಗ್ರಪ್ಪ ಗಾಡಿ ನೋಡಿ, ಒಂದು ಕಡೆ ಅರಿಶಿನ ಒಂದು ಕಡೆ ಹಾಲಿನ ಕೆನೆ ಅಂತ ನಕ್ಕ. ಅಲ್ಲಿದ್ದವರೆಲ್ಲ ನಕ್ಕರು. ನನಗೆ ರಕ್ತ ತಲೆಗೇರಿತು. ಕಣ್ಣಿದ್ದವನು ಮಾಡುವ ಕೆಲಸವೇ ಇದು ಅಂತ ನಾಲ್ಕು ಜನರ ಮುಂದೆ ಮರಿಯಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಕೈ ಒರೆಸಿಕೊಳ್ಳುತ್ತ ನಿಂತ. ಮಾರನೆಯ ದಿನ ತನ್ನ ಕೈಯಿಂದಲೇ ಕಾಸು ಹಾಕಿ ಡಬ್ಬಿ ತಂದು ಎಡಮಗ್ಗುಲು ಮತ್ತೆ ಹೊಡೆದ. ತಪ್ಪು ಯಾರದು ಅಂತ ಅದರಲ್ಲೇ ಗೊತ್ತಾಗುತ್ತದಲ್ಲ.

ಎಫ್‌ಸಿ ಆಯಿತು. ಬಂದ ಅಧಿಕಾರಿ ಬಾಗಿಲು ತಟ್ಟಿ ನೋಡಿ, ಹಳೆ ಗಾಡಿಯನ್ನು ಚೆನ್ನಾಗಿ ಇಟ್ಟಿದ್ದೀರಿ ಅಂದರು. ಶಾಲೆಯ ಮೊದಲ ದಿನ ಮಕ್ಕಳು ಹಳದಿ ಗಾಡಿ ನೋಡಿ ಕುಣಿದವು. ಬಾಗಿಲು ಮುಟ್ಟಿ ಮುಟ್ಟಿ ಬೆರಳು ನೋಡಿಕೊಂಡವು, ಬಣ್ಣ ಅಂಟುತ್ತದೆಯೇ ಅಂತ.

ಇನ್ನು ಕೇಳು. ಬುಧವಾರ ಮಧ್ಯಾಹ್ನದಿಂದ ಗಾಡಿ ಮನೆ ಮುಂದೆ ನಿಂತಿದೆ. ಶಾಲೆಗೆ ಜ್ವರ ಅಂತ ಹೇಳಿದ್ದೇನೆ. ಪಕ್ಕದ ಮನೆ ಲಕ್ಕಪ್ಪ ತನ್ನ ಟೆಂಪೋದಲ್ಲಿ ಮಕ್ಕಳನ್ನು ಬಿಟ್ಟುಬರುತ್ತಿದ್ದಾನೆ, ಡೀಸೆಲ್ ಕಾಸೂ ಬೇಡ ಅಂದ. ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಗಾಡಿ ಮಾರಿಬಿಡೋಣ. ಬಣ್ಣ ಹೊಸದಿರುವಾಗಲೇ ಗಿರಾಕಿ ಸಿಗುತ್ತಾರೆ. ಗೇರು ಕಿರಿಕಿರಿ ಮಾಡುತ್ತಿದೆ, ಮಕ್ಕಳ ಗಲಾಟೆಯೂ ಈ ವಯಸ್ಸಿಗೆ ತಡೆಯುವುದಿಲ್ಲ. ಇಷ್ಟೆಲ್ಲ ಒದ್ದಾಡಿ ಬಣ್ಣ ಹೊಡೆಸಿ ಈಗ ಮಾರುವುದೇ ಅಂತ ನೀನು ಹಣೆ ಚಚ್ಚಿಕೊಳ್ಳುತ್ತೀಯ. ಚಚ್ಚಿಕೋ, ಆದರೆ ಕಾರಣ ಕೇಳಬೇಡ.

ಮಾರಿದ ಮೇಲೆ ಏನು ಮಾಡುವುದು ಅಂತ ನನಗೂ ತಿಳಿಯದು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದದ್ದು ಬಿಟ್ಟು ಬೇರೆ ಕೆಲಸ ಕಲಿತವನಲ್ಲ. ನಿನ್ನೆ ತೆಂಗಿನಕಾಯಿ ಮಂಡಿಯಲ್ಲಿ ಕೆಲಸವಿದೆಯೇ ಅಂತ ಕೇಳಿದೆ. ನನ್ನ ತಲೆಯ ಬಿಳಿ ಕೂದಲು ನೋಡಿ, ನಿಮ್ಮ ಮಗನಿಗೋ ಅಂದರು. ಹೌದು ಅಂದು ಎದ್ದು ಬಂದೆ. ಭಯವಾಗುತ್ತದೆ ರುದ್ರ. ಹೊರಗೆ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನೀನು ಎದೆಗುಂದಬೇಡ. ಬಾಣಂತಿಗೆ ತಣ್ಣೀರು ಮುಟ್ಟಿಸಬೇಡ, ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಸೌಂದರ್ಯ, ಅಳಿಯಂದಿರು, ದೊಡ್ಡ ಮೊಮ್ಮಗ ಎಲ್ಲರಿಗೂ ನನ್ನ ಆಶೀರ್ವಾದ. ಹೊಸ ಕೂಸಿನ ನೆತ್ತಿಯ ಮೇಲೆ ನನ್ನ ಹೆಸರು ಹೇಳಿ ಒಂದು ಸಲ ಕೈಯಿಡು. ನೂರು ಕಾಲ ಬಾಳಲಿ.

ಇಂತು ನಿನ್ನವನು,
ಕುಮಾರಸ್ವಾಮಿ

ಮರುಬರಹ: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಮೇಲೆ ಸುಳ್ಳು ಬರೆದಿದ್ದೇನೆ, ನಿನ್ನ ಹತ್ತಿರ ಅದು ನಿಲ್ಲುವುದಿಲ್ಲ.

ಮರಿಯಣ್ಣನದು ಏನೂ ತಪ್ಪಿಲ್ಲ. ಎರಡನೆಯ ಡಬ್ಬಿ ಅರಸೀಕೆರೆಯಿಂದ ತಂದವನು ನಾನು. ಅಂಗಡಿಯಲ್ಲಿ ಎರಡು ಡಬ್ಬಿ ಇಟ್ಟಿದ್ದರು, ಬೇರೆಯವರದನ್ನು ಎತ್ತಿಕೊಂಡು ಬಂದೆ. ಅವನು ಮುಚ್ಚಳ ತೆಗೆದು, "ಅಣ್ಣಾ, ಇದು ಕೆನೆ ಬಣ್ಣ ಇದ್ದಂಗೈತೆ, ಒಂದ್ಸಲ ನೋಡಿ" ಅಂತ ಕರೆದ. ಬಗ್ಗಿ ನೋಡಿದೆ. ನನಗೆ ಎರಡೂ ಒಂದೇ. ಕೆಲಸ ಎಳೆಯಲು ನೆಪ ಹೇಳುತ್ತಿದ್ದಾನೆ ಅಂದುಕೊಂಡು, ಸುಮ್ಮನೆ ಹೊಡಿ ಅಂತ ಗದರಿದೆ. ಉಗ್ರಪ್ಪ ನಕ್ಕ ಮೇಲೆ ನನಗೆ ಗೊತ್ತಾದದ್ದು. ಬಯಲಾಗಬಾರದು ಅಂತಲೇ ಅಷ್ಟು ಕೂಗಾಡಿದೆ. ಮರಿಯಣ್ಣನಿಗೆ ಅರ್ಥವಾಗಿಹೋಗಿತ್ತು. ಮಾರನೆಯ ಬೆಳಿಗ್ಗೆ ಯಾರೂ ಇಲ್ಲದಾಗ ಹತ್ತಿರ ಬಂದು ಒಂದೇ ಮಾತು ಹೇಳಿದ: "ಬಣ್ಣ ನಾನು ಹೊಡ್ಕೊಡ್ತೀನಿ ಅಣ್ಣಾ. ಮಕ್ಳನ್ನ ಮಾತ್ರ ಕೂರಿಸ್ಕೊಬೇಡಿ."

ನಾನು ಕೂರಿಸಿಕೊಂಡೆ.

ಹೋದ ದೀಪಾವಳಿ ಹೊತ್ತಿಗೆ ಕಣ್ಣಿನ ಶಿಬಿರಕ್ಕೆ ಹೋಗಿದ್ದೆ, ನಿನಗೆ ಹೇಳಲಿಲ್ಲ. ಕಣ್ಣಿನಲ್ಲಿ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ಯಾವ ಆಪರೇಷನ್ನಿಗೂ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ ಅಂತ ಡಾಕ್ಟರು ಹನಿ ಕೊಟ್ಟರು. ಗಾಡಿ ಓಡಿಸುವುದನ್ನು ನಿಲ್ಲಿಸಿ ಅಂತಲೂ ಹೇಳಿದರು. ಎದುರಿಗಿರುವುದು ಕಾಣುತ್ತದೆ, ಅಕ್ಷರವೂ ಕಾಣುತ್ತದೆ. ಅಕ್ಕಪಕ್ಕ ಇಲ್ಲ, ಹಳದಿ ಯಾವುದು ಕೆನೆ ಯಾವುದು ಅಂತ ಬಣ್ಣದ ಭೇದವೂ ಈಗ ತಿಳಿಯುವುದಿಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಮಗುವನ್ನು ನೋಡಲು ಬರದಿದ್ದದ್ದೂ ಇದಕ್ಕೇ. ಕೂಸನ್ನು ಕೈ ಚಾಚಿ ಕೊಟ್ಟರೆ ನಾನು ತಡವರಿಸುವುದನ್ನು ನೀನು ನೋಡಿಬಿಡುತ್ತಿದ್ದೆ.

ಬುಧವಾರ ಬಿಂದುಶ್ರೀಯನ್ನು ಅವರ ಮನೆ ಮುಂದೆ ಇಳಿಸಿದೆ. ಲಕ್ಕಪ್ಪನ ಮೊಮ್ಮಗಳು, ಒಂದನೇ ಕ್ಲಾಸು. ಒಳಗೆ ಹೋದಳು ಅಂದುಕೊಂಡು ಗಾಡಿ ಬಿಟ್ಟೆ. ಹಿಂದಿನಿಂದ ಮಕ್ಕಳು ತಾತಾ ಅಂತ ಚೀರಿದವು. ಬ್ರೇಕು ತುಳಿದು ಇಳಿದು ಹೋಗಿ ನೋಡಿದರೆ, ಕಳಚಿದ್ದ ಚಪ್ಪಲಿ ತೆಗೆದುಕೊಳ್ಳಲು ಅವಳು ಎಡಗಡೆಯ ಚಕ್ರದ ಹತ್ತಿರ ಬಗ್ಗಿದ್ದಳು. ಚಕ್ರ ಚಪ್ಪಲಿಯ ಮೇಲೆ ಹತ್ತಿ ನಿಂತಿತ್ತು. ಕಾಲು ಅದರಲ್ಲಿರಲಿಲ್ಲ. ಅವಳಿಗೆ ಏನೂ ಆಗಿಲ್ಲ ರುದ್ರ, ಕೂದಲೂ ಕೊಂಕಿಲ್ಲ. ಚಪ್ಪಲಿ ತೆಗೆದುಕೊಡು ತಾತ ಅಂದಳು. ನನಗೆ ಬಗ್ಗಲು ಆಗಲಿಲ್ಲ, ರಸ್ತೆಯಲ್ಲೇ ಕೂತುಬಿಟ್ಟೆ. ಚಪ್ಪಲಿ ಚಕ್ರಕ್ಕೆ ಸಿಕ್ಕಿತು ಅಂತಷ್ಟೇ ಅವಳು ಮನೆಯಲ್ಲಿ ಹೇಳಿದ್ದಾಳೆ, ನನಗೆ ಕಾಣಲಿಲ್ಲ ಅನ್ನುವುದು ಲಕ್ಕಪ್ಪನಿಗೆ ತಿಳಿಯದು. ಇವತ್ತೂ ಬಂದು ಜ್ವರ ಬಿಟ್ಟಿತೇ ಅಂತ ಹಣೆ ಮುಟ್ಟಿ ನೋಡಿ ಹೋದ. ನಾಳೆ ಅವನಿಗೆ ಎಲ್ಲ ಹೇಳುತ್ತೇನೆ. ಆಮೇಲೆ ಹಗರೆಗೆ ಹೋಗಿ ಮರಿಯಣ್ಣನ ಕೈ ಹಿಡಿದುಕೊಳ್ಳಬೇಕು.

ಮುಂದಿನ ಭಾನುವಾರ ಇಪ್ಪತ್ತೆರಡಕ್ಕೆ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಹಳೇಬೀಡಿಗೆ ಬರುತ್ತೇನೆ. ಹನ್ನೊಂದು ಗಂಟೆಗೆ ಬಸ್‌ಸ್ಟ್ಯಾಂಡಿಗೆ ನೀನೊಬ್ಬಳೇ ಬಾ. ಬಸ್ಸಿನ ಬಾಗಿಲಿಗೆ ನೇರ ಎದುರಾಗಿ ನಿಂತುಕೋ. ಪಕ್ಕದಲ್ಲಿ ನಿಂತಿದ್ದರೆ ನೀನು ಬಂದೇ ಇಲ್ಲ ಅಂದುಕೊಂಡು ನಾನು ದಾಟಿಹೋಗಿಬಿಡುತ್ತೇನೆ.